ಬಿದ್ದ ಲೋಟ ಎಲ್ಲಿ ಹೋಗುತ್ತದೆ

ನಮ್ಮ ಅತ್ತೆಯ ಮನೆಯಲ್ಲಿ ಎಳೆಮಗುವಿನ ಮುಂದೆ ಏನೂ ಬೀಳಕೂಡದು ಎಂಬ ನೇಮವಿತ್ತು. ಪಾತ್ರೆ ಬಿದ್ದ ಸದ್ದಿಗೆ ಮಗು ಬೆಚ್ಚಿದರೆ ಆ ಹೆದರಿಕೆ ಅದರ ಎದೆಯೊಳಗೇ ಕೂತುಬಿಡುತ್ತದೆ, ಆಮೇಲೆ ಹಾಲು ಕುಡಿಯುವುದಿಲ್ಲ, ಮೈ ಹಿಡಿಯುವುದಿಲ್ಲ ಎಂದು ಅತ್ತೆ ನಂಬಿದ್ದರು. ಅವರ ಅತ್ತೆಯೂ ಹಾಗೇ ನಂಬಿದ್ದರಂತೆ. ಹೀಗಾಗಿ ನನ್ನ ಮಗ ಹುಟ್ಟಿದ ಕೆಲವೇ ತಿಂಗಳಲ್ಲಿ ಮನೆಯವರೆಲ್ಲ ಒಳ್ಳೇ ವಿಕೆಟ್ ಕೀಪರ್‌ಗಳಾಗಿಬಿಟ್ಟರು. ಅವನ ಕೈಯಿಂದ ಗಿಲಕಿ ಜಾರಿತು ಅನ್ನುವಷ್ಟರಲ್ಲಿ ಓರಗಿತ್ತಿಯ ಕೈ ಅದರ ಕೆಳಗಿರುತ್ತಿತ್ತು. ಚಮಚ ಜಾರಿದರೆ ಅತ್ತೆಯ ಸೆರಗಿನಲ್ಲಿ ಬೀಳುತ್ತಿತ್ತು. ಹಿಡಿದದ್ದನ್ನು ಮತ್ತೆ ಅವನ ಅಂಗೈಗೇ ಕೊಡುತ್ತಿದ್ದರು. ನನ್ನ ಮಗ ಒಂಬತ್ತು ತಿಂಗಳು ತುಂಬುವವರೆಗೆ ಯಾವ ವಸ್ತುವೂ ನೆಲ ಮುಟ್ಟಿದ್ದನ್ನು ನೋಡಿರಲಿಲ್ಲ ಎಂದರೆ ಹೆಚ್ಚು ಸುಳ್ಳೇನೂ ಆಗದು. ಅವನೂ ನೆಲ ಮುಟ್ಟಿರಲಿಲ್ಲ. ಥಂಡಿ ಹಿಡಿಯುತ್ತದೆ ಎಂದು ಒಬ್ಬರ ಕಂಕುಳಿನಿಂದ ಇನ್ನೊಬ್ಬರ ಕಂಕುಳಿಗೆ ಹೋಗುತ್ತ ಬೆಳೆಯುತ್ತಿದ್ದ.

ಇದು ತೊಂಬತ್ತರ ದಶಕದ ನಡುವಿನ ಮಾತು. ಹೊಸ ತಿಪ್ಪಸಂದ್ರದ ಮಾರ್ಕೆಟ್ ರಸ್ತೆಗೆ ಎರಡು ಓಣಿ ಹಿಂದೆ ನಮ್ಮ ಮನೆ. ಮಾವನವರ ಕಾಲದಲ್ಲಿ ರಾಗಿ, ಅವರೆ ಬೆಳೆದಿದ್ದ ಹೊಲ ನಾನು ಮದುವೆಯಾಗಿ ಬರುವ ಹೊತ್ತಿಗೆ ಸೈಟುಗಳಾಗಿತ್ತು. ಮನೆಯ ಹಿಂದೆ ಐದು ಬಾಡಿಗೆ ರೂಮುಗಳ ಸಾಲು, ಅದರ ಮುಂದೆ ಒಂದು ಉದ್ದನೆಯ ಅಂಗಳ. ನಾನು ಹುಟ್ಟಿ ಬೆಳೆದದ್ದು ಮರ್ಫಿ ಟೌನಿನಲ್ಲಿ. ಅಲ್ಲಿ ಒಂದೇ ಕೋಣೆಯಲ್ಲಿ ಏಳು ಜನ, ಇಡೀ ದಿನ ಏನಾದರೂ ಬೀಳುತ್ತಲೇ ಇರುತ್ತಿತ್ತು. ಪಕ್ಕದ ಮನೆಯಲ್ಲಿ ಬಿದ್ದದ್ದಕ್ಕೆ ನಮ್ಮ ಮನೆಯಲ್ಲಿ ಬೈಗುಳ ಕೇಳಿದ್ದೂ ಉಂಟು. ಅಂಥವಳಿಗೆ ಈ ಮನೆಯ ನಿಶ್ಶಬ್ದ ಮೊದಮೊದಲು ದೊಡ್ಡಸ್ತಿಕೆಯ ಹಾಗೆ ಕಂಡಿತ್ತು, ಒಳಗೊಳಗೇ ಹೆಮ್ಮೆಯೂ ಇತ್ತು.

ಆ ವರ್ಷದ ಮಧ್ಯಾಹ್ನಗಳೆಲ್ಲ ನನ್ನ ನೆನಪಿನಲ್ಲಿ ಒಂದೇ ಮಧ್ಯಾಹ್ನವಾಗಿ ಕೂಡಿಕೊಂಡಿವೆ. ಮುದ್ದೆ ಊಟ ಮುಗಿಸಿ ಅತ್ತೆ ಮಲಗಿರುತ್ತಾರೆ. ನನ್ನ ಗಂಡ ಕಾರ್ಖಾನೆಯ ಪಾಳಿಗೆ ಹೋಗಿರುತ್ತಾರೆ. ಹಿಂದಿನ ರೂಮುಗಳ ಕಡೆಯಿಂದ ಜೋಳದ ರೊಟ್ಟಿ ಬಡಿಯುವ ಸದ್ದು ಬರುತ್ತಿರುತ್ತದೆ. ಹತ್ತಿರದ ವಿಮಾನ ನಿಲ್ದಾಣಕ್ಕೆ ಇಳಿಯುವ ಒಂದು ವಿಮಾನ ತಲೆಯ ಮೇಲೆ ತೀರಾ ಕೆಳಗೆ ಹೋಗುತ್ತದೆ, ಅದರ ನೆರಳು ನಮ್ಮ ಅಂಗಳವನ್ನು ಒರೆಸಿಕೊಂಡು ಪಕ್ಕದ ಮನೆಯ ಗೋಡೆ ಹತ್ತಿ ಮಾಯವಾಗುತ್ತದೆ. ಕಿಟಕಿಯಿಂದ ಬಿದ್ದ ಬಿಸಿಲಿನ ಕೋಲಿನೊಳಗೆ ದೂಳಿನ ಕಣಗಳು ಏಳುತ್ತ ಇಳಿಯುತ್ತ ಇರುತ್ತವೆ. ಮಗ ನನ್ನ ಮಡಿಲಲ್ಲಿ ಕೂತು ಆ ಬಿಸಿಲಿಗೆ ಕೈ ಹಾಕಿ ಮುಷ್ಟಿ ಮುಚ್ಚುತ್ತಾನೆ, ತೆರೆಯುತ್ತಾನೆ, ಏನೂ ಇಲ್ಲದ ಅಂಗೈಯನ್ನು ನೋಡುತ್ತಾನೆ. ನನಗೂ ಜೊಂಪು. ಏಳುವಷ್ಟರಲ್ಲಿ ಬಿಸಿಲು ಅವನ ಕಾಲು ದಾಟಿ ಗೋಡೆಗೆ ಹೋಗಿರುತ್ತಿತ್ತು.

ರೊಟ್ಟಿ ಬಡಿಯುತ್ತಿದ್ದವಳು ಮೂರನೇ ರೂಮಿನವಳು. ಕಲಬುರಗಿ ಕಡೆಯಿಂದ ಗಂಡನ ಜೊತೆ ಬಂದವಳು. ಗಂಡ ಕಟ್ಟಡದ ಕೆಲಸಕ್ಕೆ ಹೋಗುತ್ತಿದ್ದ, ಅವಳು ಮನೆಯಲ್ಲೇ ಕೂತು ಜೊತೆಯ ಕೆಲಸದವರಿಗೆಲ್ಲ ರೊಟ್ಟಿ ಮಾಡಿ ಕಟ್ಟುತ್ತಿದ್ದಳು. ಅವಳಿಗೊಂದು ಹೆಣ್ಣುಕೂಸು, ನನ್ನ ಮಗನಿಗಿಂತ ಒಂದು ತಿಂಗಳಿಗೆ ದೊಡ್ಡದು. ಆ ಕೂಸು ಬಾಗಿಲ ಬಳಿ ನೆಲದ ಮೇಲೆ ಕೂತು ಕೈಗೆ ಸಿಕ್ಕಿದ್ದನ್ನೆಲ್ಲ ಹೊಸ್ತಿಲಿನಾಚೆ ಎಸೆಯುತ್ತಿತ್ತು. ಎಸೆದು, ಬಗ್ಗಿ ನೋಡಿ, ತೆವಳಿಕೊಂಡು ಹೋಗಿ ತಂದು ಮತ್ತೆ ಎಸೆಯುತ್ತಿತ್ತು. ಬಟ್ಟೆ ಒಣಗಿಸಲು ಅಂಗಳಕ್ಕೆ ಹೋದಾಗ ಆ ಗಲಾಟೆ ನೋಡಿ ನಾನು ಮೂಗು ಮುರಿಯುತ್ತಿದ್ದೆ.

ಒಂದು ದಿನ ನಾನು ಹಾಗೆ ನಿಂತಿದ್ದಾಗ ಕಂಕುಳಲ್ಲಿದ್ದ ಮಗನ ಕೈಯಿಂದ ಬಟ್ಟೆಯ ಕ್ಲಿಪ್ಪು ಜಾರಿತು. ನಾನು ಹಿಡಿಯಲು ಹೋದೆ, ತಪ್ಪಿತು. ಅವನು ಕೆಳಗೆ ನೋಡಲಿಲ್ಲ. ನನ್ನ ಮುಖ ನೋಡಿದ. ಆಮೇಲೆ ತನ್ನ ಅಂಗೈ ನೋಡಿದ.

ಅವಳು ಹಿಟ್ಟಿನ ಕೈಯಲ್ಲೇ ಕೇಳಿದಳು. "ಅಕ್ಕಾರ, ನಿಮ್ಮ ಕೂಸು ಯಾಕ್ರಿ ಹಂಗ ಮಾಡ್ತದ? ಬಿದ್ದಿದ್ದು ಎಲ್ಲಿ ಹೋಯ್ತಂತ ನೋಡಂಗೇ ಇಲ್ಲಲ್ರಿ."

ನನ್ನ ಮೈಯೆಲ್ಲ ಉರಿದುಹೋಯಿತು. ಮನೆ ಕೊಟ್ಟವರ ಮಗುವಿಗೆ ಬಾಡಿಗೆಯವಳು ಹೀಗೆ ಹೇಳುವುದೇ? "ನಮ್ಮ ಮಗೂನ ನಾವ್ ನೋಡ್ಕೋತೀವಿ, ನೀನು ರೊಟ್ಟಿ ನೋಡ್ಕೋ" ಎಂದು ಒಳಗೆ ಬಂದುಬಿಟ್ಟೆ. ನನ್ನ ಬಾಯಿ ಮೊದಲಿನಿಂದಲೂ ಜೋರು. ಆದರೆ ಆ ಸಂಜೆಯೆಲ್ಲ ನಾನು ಬೇಕೆಂದೇ ಅವನ ಮುಂದೆ ಒಂದೊಂದು ವಸ್ತುವನ್ನು ಹಾಸಿಗೆಯ ಮೇಲೆ ಬೀಳಿಸಿದೆ. ಪ್ರತಿ ಸಲವೂ ಅವನು ನನ್ನ ಮುಖವನ್ನೇ ನೋಡಿ ನಕ್ಕ. ಅಷ್ಟು ಚೆಂದದ ನಗುವನ್ನು ನೋಡಿ ಅಷ್ಟು ಹೆದರಿದ್ದು ಅದೇ ಮೊದಲು.

ಒಂಬತ್ತು ತಿಂಗಳ ಚುಚ್ಚುಮದ್ದಿಗೆ ಹಲಸೂರಿನ ಕ್ಲಿನಿಕ್ಕಿಗೆ ಕರೆದುಕೊಂಡು ಹೋದಾಗ, ಡಾಕ್ಟರೇ ಕೇಳಲಿ ಎಂದು ಕಾದು, ಕೇಳದಿದ್ದಾಗ ನಾನೇ ಹೇಳಿದೆ. ಡಾಕ್ಟರು ವಯಸ್ಸಾದ ಹೆಂಗಸು, ಮೆತ್ತಗಿನ ಮಾತು. ಮೇಜಿನ ಮೇಲೆ ಒಂದು ಕೆಂಪು ಮರದ ತುಂಡಿಟ್ಟು, ಮಗ ಕೈ ಚಾಚುತ್ತಿದ್ದಂತೆ ಅದರ ಮೇಲೆ ಕರವಸ್ತ್ರ ಮುಚ್ಚಿದರು. ಚಾಚಿದ ಕೈಯನ್ನು ಅವನು ಹಿಂದಕ್ಕೆ ತೆಗೆದುಕೊಂಡ. ಆ ಮೇಜಿನ ಮೇಲೆ ಯಾವತ್ತೂ ಏನೂ ಇರಲಿಲ್ಲವೇನೋ ಎನ್ನುವಂತೆ ಅವರ ಮುಖ ನೋಡಿದ. ಅವರು ಮೂರು ಸಲ ಮಾಡಿದರು.

"ಗಾಬರಿ ಆಗ್ಬೇಡಿ" ಎಂದರು. "ಕಣ್ಣು, ಕಿವಿ ಚೆನ್ನಾಗಿದೆ. ಜನಾನ ಚೆನ್ನಾಗ್ ನೋಡ್ತಾನೆ, ವಸ್ತುಗಳನ್ನ ನೋಡ್ತಿಲ್ಲ. ಕೆಲವು ಮಕ್ಕಳಿಗೆ ನಿಧಾನ. ಒಂದ್ ತಿಂಗಳು ಬಿಟ್ಟು ಕರ್ಕೊಂಡ್ ಬನ್ನಿ. ಆಗ್ಲೂ ಹೀಗೇ ಇದ್ರೆ ದೊಡ್ಡಾಸ್ಪತ್ರೆಗೆ ಬರ್ಕೊಡ್ತೀನಿ."

ಗಾಬರಿಯಾಗಬೇಡಿ ಎಂದರೆ ಗಾಬರಿಯಾಗದ ತಾಯಿಯನ್ನು ನಾನಿನ್ನೂ ಕಂಡಿಲ್ಲ. ಬಸ್ಸಿನಲ್ಲಿ ಅವನನ್ನು ಎದೆಗೊತ್ತಿಕೊಂಡು ಕೂತೆ. ಮಗನ ಬುದ್ಧಿ ಬೆಳೆಯುವುದಿಲ್ಲವೇನೋ ಎಂಬ ಒಂದೇ ಮಾತು ತಲೆಯಲ್ಲಿ ತಿರುಗುತ್ತಿತ್ತು. ಗಂಡನಿಗೆ ಹೇಳಿದರೆ "ನಾನೂ ಮೂರು ವರ್ಷದವರೆಗೆ ಮಾತಾಡಿರಲಿಲ್ವಂತೆ, ಈಗ ಸುಮ್ನಿದೀನಾ" ಎಂದು ನಕ್ಕರು. ಅತ್ತೆಗೆ ಹೇಳಲು ಬಾಯಿ ಬರಲಿಲ್ಲ. ಅವರ ಕೈಗಳೇ ಕಾರಣ ಎಂದು ಅವರಿಗೆ ಹೇಗೆ ಹೇಳುವುದು? ಅದು ನಿಜವೋ ಅಲ್ಲವೋ ಎಂಬುದೂ ನನಗೆ ಗೊತ್ತಿರಲಿಲ್ಲ.

ಮರುದಿನ ಅತ್ತೆ ಮಲಗಿದ ಮೇಲೆ ಮಗನನ್ನು ಎತ್ತಿಕೊಂಡು ಮೂರನೇ ರೂಮಿನ ಹೊಸ್ತಿಲಲ್ಲಿ ನಿಂತೆ. ಮುಖ ಕೆಂಪಾಗಿತ್ತೇನೋ. "ಏನ್ ಮಾಡ್ಲಿ ಹೇಳು" ಎಂದೆ.

ನಾನು ಅಂದಿದ್ದ ಮಾತನ್ನು ಅವಳು ಎತ್ತಲಿಲ್ಲ. ಸೆರಗಿನಿಂದ ನೆಲ ಒರೆಸಿ ಜಾಗ ಮಾಡಿದಳು. "ಏನೂ ಮಾಡಬ್ಯಾಡ್ರಿ. ಕೂಸಿಗಿ ಕೆಳಗ ಬಿಡ್ರಿ. ನೀವು ಕೈ ಕಟ್ಕೊಂಡು ಕುಂದರ್ರಿ. ಬಿದ್ರ ಭೂಮಿ ಹಿಡಕೋತದ."

ಕೈ ಕಟ್ಟಿ ಕೂರುವುದು ಎಷ್ಟು ಕಷ್ಟವೆಂದು ಅವತ್ತು ತಿಳಿಯಿತು. ಅವಳು ಕೊಟ್ಟ ಸ್ಟೀಲ್ ಲೋಟವನ್ನು ಮಗ ನೆಕ್ಕಿದ, ತಿರುಗಿಸಿದ, ಬಿಟ್ಟ. ಲೋಟ ಬಂಡೆಯ ನೆಲಕ್ಕೆ ಬಡಿದು ಠಣ್ಣೆಂದು ಉರುಳಿ ನೀರಿನ ಬಿಂದಿಗೆಯ ಹಿಂದೆ ಹೋಯಿತು. ಅವನು ಅದುರಿದ. ತುಟಿ ಸೊಟ್ಟಗಾಯಿತು. ನನ್ನ ಮುಖ ನೋಡಿದ, ಅವಳ ಮುಖ ನೋಡಿದ, ಯಾರೂ ಏನೂ ಕೊಡದಿದ್ದಾಗ ಅಂಗೈ ನೋಡಿಕೊಂಡ. ಅವನ ಲೆಕ್ಕದಲ್ಲಿ ಲೋಟ ಅಲ್ಲಿಗೇ ಬರಬೇಕಿತ್ತು. ಅಷ್ಟರಲ್ಲಿ ಆ ಕೂಸು ತೆವಳಿ ಹೋಗಿ ಲೋಟ ತಂದು ಅವನ ಮುಂದೆ ಕುಕ್ಕಿತು. ಅವನು ಅದನ್ನು ಹೊಸದೊಂದು ಲೋಟ ಎನ್ನುವಂತೆ ನೋಡಿದ.

ಹಾಗೆ ಇಪ್ಪತ್ತು ಮಧ್ಯಾಹ್ನಗಳಾದರೂ ಕಳೆದಿರಬೇಕು. ರೊಟ್ಟಿಯ ಹೊಗೆ, ಜೋಳದ ಹಿಟ್ಟಿನ ವಾಸನೆ, ಬಾಗಿಲಿನಿಂದ ಒಂದು ಹಾಸು ಬಿಸಿಲು. ಅವಳು ರೊಟ್ಟಿ ತಿರುಗಿಸುತ್ತ ತನ್ನೂರಿನ ಕಥೆ ಹೇಳುತ್ತಿದ್ದಳು, ನಾನು ಅರ್ಧ ಕೇಳುತ್ತ ಅರ್ಧ ತೂಕಡಿಸುತ್ತ ಕೂತಿರುತ್ತಿದ್ದೆ. ಮಕ್ಕಳಿಬ್ಬರೂ ನಮ್ಮ ಕಾಲ ಬಳಿ ಯಾವುದೋ ಬೇರೆ ಲೋಕದಲ್ಲಿರುತ್ತಿದ್ದರು. ಲೋಟ ಕೆಳಗೆ ಹೋಗುತ್ತದೆ ಎಂಬುದನ್ನು ಮಗ ನಾಲ್ಕೈದು ದಿನದಲ್ಲಿ ಕಂಡುಕೊಂಡ. ಮೊದಲು ಸದ್ದು ಕೇಳಿದ ಮೇಲೆ ಬಗ್ಗುತ್ತಿದ್ದ, ಆಮೇಲೆ ಸದ್ದಿಗೆ ಮುಂಚೆಯೇ ಕಣ್ಣು ನೆಲಕ್ಕೆ ಹೋಗತೊಡಗಿತು. ಆ ಕೂಸಿನ ಹಿಂದೆ ಹಿಂದೆ ತೆವಳುವುದನ್ನೂ ಕಲಿತ. ಒಮ್ಮೆ ಈರುಳ್ಳಿ ಸಿಪ್ಪೆ ಬಿಟ್ಟ. ಅದು ತೇಲುತ್ತ ತೇಲುತ್ತ ಇಳಿದು ನೆಲದ ಮೇಲೆ ಸುಮ್ಮನೆ ಕೂತಿತು. ಅವನು ಉಸಿರು ಹಿಡಿದು ಸದ್ದಿಗಾಗಿ ಕಾದ. ಬಹಳ ಹೊತ್ತು ಕಾದ. ಆ ಸದ್ದಿಗಾಗಿ ನಾನೂ ಕಾದೆನೆಂದು ನೆನಪು. ಸದ್ದು ಬರಲಿಲ್ಲ, ಅವನು ಸಿಪ್ಪೆಯ ಮೇಲೆ ಕೈಯಿಟ್ಟು ಅದು ಅಲ್ಲೇ ಇದೆಯೇ ಎಂದು ಒತ್ತಿ ನೋಡಿದ.

ಮುಚ್ಚಿಟ್ಟದ್ದು ಮಾತ್ರ ಅವನಿಗೆ ದಕ್ಕುತ್ತಿರಲಿಲ್ಲ. ರೊಟ್ಟಿ ಕಟ್ಟುವ ಬಟ್ಟೆಯನ್ನು ಲೋಟದ ಮೇಲೆ ಹಾಕಿದರೆ ಅವಳ ಕೂಸು ಕ್ಷಣವೂ ತಡೆಯದೆ ಎಳೆಯುತ್ತಿತ್ತು. ನನ್ನ ಮಗ ಬೇರೆ ಕಡೆ ತಿರುಗುತ್ತಿದ್ದ. ನಾನು ಕ್ಯಾಲೆಂಡರಿನಲ್ಲಿ ದಿನ ಎಣಿಸುತ್ತಿದ್ದೆ.

ಒಂದು ದಿನ ಲೋಟದ ಸದ್ದಿಗೆ ಅತ್ತೆ ಎಚ್ಚರಗೊಂಡು ಓಡಿಬಂದರು. ಬಾಗಿಲಲ್ಲಿ ನಿಂತು ಮೊಮ್ಮಗನನ್ನೂ ನೆಲವನ್ನೂ ನೋಡಿದರು. "ಏನ್ ಕೆಲ್ಸ ಇದು, ಮಗೀನ ಬರೀ ನೆಲಕ್ ಬಿಟ್ಟಿದೀಯ?" ಎಂದರು. ನಾನು ಡಾಕ್ಟರು ಹೇಳಿದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿಬಿಟ್ಟೆ, ಹೇಳುತ್ತ ಅತ್ತುಬಿಟ್ಟೆ. ಮಗ ಮತ್ತೆ ಲೋಟ ಎತ್ತಿ ಬಿಟ್ಟ. ಅತ್ತೆಯವರ ಎರಡೂ ಕೈಗಳು ತಾವಾಗಿಯೇ ಮುಂದೆ ಬಂದವು. ಅರ್ಧದಲ್ಲೇ ನಿಂತವು. ಲೋಟ ಬಿದ್ದು ಠಣ್ಣೆಂದಾಗ ಅವರು ಕಣ್ಣು ಮುಚ್ಚಿಕೊಂಡರು, ಮೊಮ್ಮಗ ನಕ್ಕ. ಆಮೇಲೆ ಅವರು ಕೈಗಳನ್ನು ಸೆರಗಿನೊಳಗೆ ಸುತ್ತಿಕೊಂಡು ಹೊಸ್ತಿಲ ಮೇಲೆ ಕೂತರು. ಮರುದಿನದಿಂದ ಅವರೂ ಮಧ್ಯಾಹ್ನ ಮಲಗುವುದನ್ನು ಬಿಟ್ಟು ಅಲ್ಲಿಗೇ ಬರತೊಡಗಿದರು. ಆ ದಿನಗಳಲ್ಲಿ ನನಗೆ ಅವರ ಮೇಲೆ ಉಕ್ಕಿದಷ್ಟು ಪ್ರೀತಿ ಅದಕ್ಕೆ ಮುಂಚೆ ಯಾವತ್ತೂ ಉಕ್ಕಿರಲಿಲ್ಲ.

ತಿಂಗಳು ತುಂಬಿದ ಬೆಳಿಗ್ಗೆ ನಾನು ಮತ್ತು ಮಗ ಹಲಸೂರಿಗೆ ಹೋದೆವು. ಡಾಕ್ಟರು ಅದೇ ಕೆಂಪು ತುಂಡನ್ನಿಟ್ಟು ಕರವಸ್ತ್ರ ಮುಚ್ಚಿದರು. ಮಗ ಅವರ ಮುಖ ನೋಡಿದ. ಆಮೇಲೆ ಅವನು ಕರವಸ್ತ್ರವನ್ನು ನೋಡಿದ, ಅದರ ಉಬ್ಬಿನ ಮೇಲೆ ಮೆಲ್ಲಗೆ ಕೈಯಿಟ್ಟ, ಮುಷ್ಟಿಯಲ್ಲಿ ಬಟ್ಟೆ ಹಿಡಿದು ಎಳೆದ. ಕೆಂಪು ತುಂಡು ಅಲ್ಲೇ ಇತ್ತು. ಇದ್ದೇ ಇರುತ್ತದೆ ಎಂದು ಗೊತ್ತಿದ್ದವನ ಹಾಗೆ ತೆಗೆದುಕೊಂಡು ಬಾಯಿಗಿಟ್ಟ.

"ಸಾಕು, ಇನ್ನ್ ನನ್ನ ಹತ್ರ ಬರೋದ್ ಬೇಡ" ಎಂದು ಡಾಕ್ಟರು ನಕ್ಕರು. ಈಗ ಯೋಚಿಸಿದರೆ ಅದು ವಯಸ್ಸಿಗೆ ತಾನಾಗಿಯೇ ಬರುತ್ತಿತ್ತೋ ಏನೋ. ಅವತ್ತು ಮಾತ್ರ ಇದು ಮೂರನೇ ರೂಮಿನವಳು ನನಗೆ ಕೊಟ್ಟದ್ದು ಎಂದೇ ನನಗನ್ನಿಸಿತು. ಯಾರಿಗೂ ಹೇಳುವ ಮೊದಲು ಅವಳಿಗೆ ಹೇಳಬೇಕೆಂದು, ಬಸ್ಸಿಳಿದವಳು ಮನೆಯೊಳಗೂ ಹೋಗದೆ ನೇರವಾಗಿ ಅಂಗಳ ದಾಟಿ ಹಿಂದೆ ಹೋದೆ.

ಮೂರನೇ ರೂಮಿನ ಬಾಗಿಲು ತೆರೆದಿತ್ತು. ಒಳಗೆ ಒಲೆಯಿಲ್ಲ, ಬಿಂದಿಗೆಯಿಲ್ಲ. ಅತ್ತೆ ಹಿಂದಿನಿಂದ ಬಂದರು. "ಆ ಬಿಲ್ಡಿಂಗ್ ಕೆಲ್ಸ ಮುಗೀತಂತೆ. ನೀನ್ ಹೋದ್ ಗಳಿಗೆಗೇ ಮೇಸ್ತ್ರಿ ಟೆಂಪೋ ತಂದ. ಎಲ್ಲರನ್ನೂ ಹೊಸಕೋಟೆ ಕಡೆಗೆ ಕರ್ಕೊಂಡ್ ಹೋದ. ನೀನ್ ಬರ್ತೀಯ ಅಂತ ಅವಳು ಅಲ್ಲೇ ನಿಂತಿದ್ಲು ಕಣೇ. ಟೆಂಪೋನೋನು ಬಿಡಬೇಕಲ್ಲ."

ಮಗ ಕಂಕುಳಿನಿಂದ ಜಾರಿ ಇಳಿಯಲು ಒದ್ದಾಡಿದ. ಬಿಟ್ಟೆ. ಅವನು ಸರಸರನೆ ತೆವಳಿ ಒಲೆಯಿದ್ದ ಮೂಲೆಗೆ ಹೋದ. ಬಾಗಿಲ ಹಿಂದೆ ಹೋಗಿ ನೋಡಿದ. ಗೋಡೆಯ ಬದಿ ಅವರು ಬಿಟ್ಟುಹೋದ ಒಂದು ಖಾಲಿ ಗೋಣಿಚೀಲ ಬಿದ್ದಿತ್ತು. ಅವನು ಅದರ ಮುಂದೆ ಕೂತು, ಎರಡೂ ಕೈಯಲ್ಲಿ ಅಂಚು ಹಿಡಿದು ಎತ್ತಿದ.

ಕೆಳಗೆ ನೆಲವಿತ್ತು. ಅವನು ಅದನ್ನು ನೋಡುತ್ತಲೇ ಇದ್ದ. ಅವನ ಬುದ್ಧಿ ಬೆಳೆಯಲಿ ಎಂದು ಒಂದು ತಿಂಗಳು ಕಂಡ ದೇವರಿಗೆಲ್ಲ ಕೈಮುಗಿದಿದ್ದೆ. ಬೆಳೆದ ಬುದ್ಧಿಯ ಮೊದಲ ಕೆಲಸ ಹೋದವರನ್ನು ಹೀಗೆ ಹುಡುಕುವುದಾಗಿರುತ್ತದೆ ಎಂದು ನನಗೆ ಹೊಳೆದಿರಲಿಲ್ಲ. ಅವನ ಪಕ್ಕದಲ್ಲಿ ಬರೀ ನೆಲದ ಮೇಲೆ ಕೂತುಕೊಂಡೆ. ಅವಳಿಗೆ ಹೇಳಬೇಕಾದದ್ದೆಲ್ಲ ಬಾಯಲ್ಲೇ ಉಳಿದಿತ್ತು.

ಮಗ ಗೋಣಿಯನ್ನು ಮತ್ತೆ ನೆಲಕ್ಕೆ ಹರಡಿದ. ಅಂಗೈಯಿಂದ ಅದರ ಮೇಲೆ ತಟ್ಟಿದ. ಸ್ವಲ್ಪ ಹೊತ್ತು ಕಾದು, ಮತ್ತೆ ಎತ್ತಿ ನೋಡಿದ.