ಕಾರ್ಕಳದ ಸಂಬಂಧ

ಚಿಕ್ಕಮ್ಮ, ಕಾರ್ಕಳದ ಆ ಸಂಬಂಧವನ್ನು ತಪ್ಪಿಸಿದವಳು ನಾನು. ಹಣೆಬರಹ ಎಂದು ನೀವು ಇಷ್ಟು ವರ್ಷ ನಂಬಿಕೊಂಡು ಬಂದದ್ದು ನಿಮ್ಮ ಶುಭಾಳ ಕೈಕೆಲಸ.

ಆಗ ಅಪ್ಪ ಅಮ್ಮ ಮುಂಬಯಿಯಲ್ಲಿ ಹೋಟೆಲು ನೋಡಿಕೊಳ್ಳುತ್ತಿದ್ದರು. ನಾನು ಕಾಪುವಿನಲ್ಲಿ ನಿಮ್ಮ ಜೊತೆ, ಮಾವನ ಜೊತೆ ಇದ್ದುಕೊಂಡು ಉಡುಪಿಯ ಕಾಲೇಜಿಗೆ ಹೋಗಿಬರುತ್ತಿದ್ದೆ. ನಿಮಗೆ ಮೂವತ್ತು ದಾಟಿತ್ತು. ಈಗೆಲ್ಲ ಗಂಡು ಹುಡುಕುವುದು ಇಂಟರ್ನೆಟ್ಟಿನಲ್ಲಿ ಎಂದು ಯಾರೋ ಹೇಳಿದ್ದೇ ತಡ, ತಂಗಿಯ ಮದುವೆಯ ಚಿಂತೆಯಲ್ಲಿದ್ದ ಮಾವ ನನಗೂ ಕಲಿಸು ಎಂದು ನನ್ನ ಬೆನ್ನು ಹತ್ತಿದರು. ಇಸ್ತ್ರಿ ಮಾಡಿದ ಅಂಗಿ ಹಾಕಿ, ಪೇಟೆಯ ಸೈಬರ್ ಕೆಫೆಯ ಬಾಗಿಲಲ್ಲಿ ಚಪ್ಪಲಿ ಕಳಚಿ, ನನ್ನ ಪಕ್ಕದಲ್ಲಿ ಕೂರುತ್ತಿದ್ದರು. ಮೌಸ್ ಎಲ್ಲೆಲ್ಲೋ ಓಡಿಸಿದರೆ ನಾನು ಗದರುತ್ತಿದ್ದೆ. ಮನೆಯಲ್ಲಿ ನನ್ನನ್ನು ಗದರುವ ಮನುಷ್ಯ ಅಲ್ಲಿ ನನ್ನ ಮಾತಿಗೆ ತಲೆಯಾಡಿಸುವುದು — ಒಪ್ಪಿಕೊಳ್ಳುತ್ತೇನೆ — ನನಗೆ ಬಹಳ ಹಿತವಾಗಿತ್ತು.

ಕಾರ್ಕಳದವರ ಫೋಟೋ ಬಂದ ದಿನ ನೀವೂ ಬಂದಿದ್ದಿರಿ. ಆಗ ಫೋಟೋ ಒಮ್ಮೆಗೇ ಕಾಣುತ್ತಿರಲಿಲ್ಲ — ಮೊದಲು ಕೂದಲು, ಆಮೇಲೆ ಹಣೆ, ಕಣ್ಣು… ಅವರ ನಗು ಕಾಣಿಸುವಷ್ಟರಲ್ಲಿ ನೀವೂ ನಕ್ಕುಬಿಟ್ಟಿದ್ದಿರಿ. ಮಸ್ಕತ್ತಿನಲ್ಲಿ ಕೆಲಸ, ಹೆಂಡತಿಯನ್ನೂ ಕರೆದುಕೊಂಡು ಹೋಗುತ್ತಾರಂತೆ ಎಂದು ಹೇಳಿ ಮಾವ ಹೊರಗೆ ಹೋದರು. ನೀವು ನನ್ನ ಕಿವಿಯಲ್ಲಿ ಅಂದಿರಿ:

"ಇನ್ನೊಮ್ಮೆ ತೆಗಿ ಮಾರಾಯ್ತಿ. ಸರಿ ನೋಡಲಿಕ್ಕೆ ಆಗಲಿಲ್ಲ."

ಅಮ್ಮ ಮುಂಬಯಿಗೆ ಹೋದಳು, ಇನ್ನು ನೀವು ಮಸ್ಕತ್ತಿಗೆ — ಮತ್ತೆ ನನಗೆ ಯಾರು?

ಮುಂದಿನ ವಾರ ಅವರ ಅಕ್ಕನಿಂದ ಇಂಗ್ಲಿಷಿನಲ್ಲಿ ಈಮೇಲ್ ಬಂತು. ಎಲ್ಲ ಒಪ್ಪಿಗೆ, ಇನ್ನು ಬಳಿ ನೋಡಿಕೊಂಡರೆ ಆಯಿತು ಎಂದು ತಮ್ಮದನ್ನು ಬರೆದಿದ್ದರು. ತಾಯಿಯಿಂದ ಬರುವ ಕುಲ ಅದು; ಒಂದೇ ಬಳಿಯಾದರೆ ಗಂಡು ಹೆಣ್ಣು ಅಣ್ಣ ತಂಗಿಯ ಲೆಕ್ಕ, ಆಮೇಲೆ ಮದುವೆಯ ಮಾತೇ ಇಲ್ಲ. ಮಾವನಿಗೆ ಇಂಗ್ಲಿಷ್ ಅಷ್ಟಕ್ಕಷ್ಟೇ.

"ಬಳಿ ಎಂತ ಬರೆದಿದ್ದಾರೆ?" ಎಂದು ಕೇಳಿದರು.

"ನಮ್ಮದೇ," ಅಂದೆ.

ಅಷ್ಟೇ. ಎರಡನೆಯ ಪ್ರಶ್ನೆ ಬರುವುದಿಲ್ಲ ಎಂದು ಗೊತ್ತಿದ್ದೇ ಆ ಸುಳ್ಳನ್ನು ಆರಿಸಿಕೊಂಡಿದ್ದೆ.

ಆದರೆ ಮಾವ ಮರ್ಯಾದಸ್ಥರು. "ಸುಮ್ಮನೆ ಕೂತರೆ ಚಂದ ಅಲ್ಲ ಮಗಾ. ನಾನೇ ಬರೆಯುತ್ತೇನೆ," ಎಂದು ಒಂದೇ ಬೆರಳಿನಲ್ಲಿ, ಕನ್ನಡವನ್ನೇ ಇಂಗ್ಲಿಷ್ ಅಕ್ಷರಗಳಲ್ಲಿ ಕುಟ್ಟಿದರು — ಬಳಿ ಒಂದೇ ಆದ್ದರಿಂದ ಕ್ಷಮಿಸಬೇಕು, ನಿಮ್ಮ ತಮ್ಮನಿಗೆ ಒಳ್ಳೆಯ ಹೆಣ್ಣು ಸಿಗಲಿ. ಅವರ ಜೀವನದ ಮೊದಲ ಈಮೇಲ್. ಅದು ತಲುಪಿದರೆ ನನ್ನ ಸುಳ್ಳು ಬಯಲಾಗುತ್ತಿತ್ತು. ಇನ್ನು ಯಾವುದನ್ನು ಒತ್ತುವುದು ಎಂದು ಅವರು ಕೇಳಿದಾಗ, ಕಳುಹಿಸುವ ಗುಂಡಿ ಬಿಟ್ಟು ಅಳಿಸುವ ಗುಂಡಿಯನ್ನು ತೋರಿಸಿದೆ. ಒತ್ತಿದರು.

"ಹೋಯಿತಾ?"

"ಹೋಯಿತು ಮಾವ."

ಅವರ ಮುಖದಲ್ಲಿದ್ದ ಆ ಹೆಮ್ಮೆ — ಬೇಡ, ಅದನ್ನು ಬರೆಯಲಾರೆ. ಕಾರ್ಕಳದಿಂದ ಇನ್ನೊಂದು ಈಮೇಲ್ ಬಂತು, ಉತ್ತರ ಕಾಯುತ್ತಿದ್ದೇವೆ ಎಂದು. ಒಬ್ಬಳೇ ಹೋಗಿ ಅದನ್ನೂ ಅಳಿಸಿದೆ.

ಮತ್ತೆ ನಿಮಗೆ ಯಾವ ಸಂಬಂಧವೂ ಕೂಡಿಬರಲಿಲ್ಲ. ನಾನು ಮಾತ್ರ ಮದುವೆಯಾಗಿ ಪರ್ಕಳಕ್ಕೆ ಹೊರಟುಹೋದೆ — ನಿಮ್ಮನ್ನು ಹಿಡಿದಿಟ್ಟುಕೊಂಡವಳು ತಿರುಗಿ ಕೂಡ ನೋಡಲಿಲ್ಲ. ನನ್ನ ಬಾಣಂತನ ಮಾಡಿದವರೂ ನೀವೇ. ಒಂದು ಬೆಳಿಗ್ಗೆ ಮಗುವಿಗೆ ಎಣ್ಣೆ ಹಚ್ಚುತ್ತ, ಯಾವುದೋ ಮಾತಿಗೆ ಹೇಳಿದಿರಿ:

"ಆ ಕಾರ್ಕಳದವರ ಮೇಲೆ ನನಗೆ ಮನಸ್ಸಾಗಿತ್ತು ಶುಭಾ. ಆಮೇಲೆ ಬಳಿ ಒಂದೇ ಅಂತ ಗೊತ್ತಾಯಿತಲ್ಲ, ಅಣ್ಣನ ಸ್ಥಾನದವರನ್ನು ಹಾಗೆ ನೋಡಿಬಿಟ್ಟೆ ಅಂತ ನನ್ನ ಮೇಲೆಯೇ ಅಸಹ್ಯ ಆಯಿತು. ಯಾರಿಗೂ ಹೇಳದೆ ದೇವಸ್ಥಾನದಲ್ಲಿ ತಪ್ಪುಕಾಣಿಕೆ ಹಾಕಿ ಬಂದೆ. ಈಗಲೂ ವರ್ಷಕ್ಕೊಮ್ಮೆ ಹಾಕುವುದು ಉಂಟು."

ನಾನು ಗೋಡೆಯ ಕಡೆ ತಿರುಗಿ ಮಲಗಿದೆ. ಆಗಲೂ ಹೇಳಲಿಲ್ಲ. ಕಾರ್ಕಳದವರು ಒಂದು ಸಾಲು ಉತ್ತರ ಕೊಡಲಿಲ್ಲವಲ್ಲ ಎಂಬ ಬೇಸರದಲ್ಲೇ ಮಾವ ತೀರಿಕೊಂಡರು. ಅವರಿಗೂ ಹೇಳಲಿಲ್ಲ.

ಈ ಭಾನುವಾರ ಕಾಪುವಿಗೆ ಬಂದು, ನಿಮ್ಮೆದುರು ಕೂತು, ಇದನ್ನು ಬಾಯಿಬಿಟ್ಟು ಹೇಳುತ್ತೇನೆ. ಆಮೇಲೆ ನೀವು ನನ್ನ ಮುಖ ನೋಡದಿದ್ದರೂ ಸರಿ. ಕ್ಷಮಿಸಿ ಎಂದು ಕೇಳುವ ಬಾಯಿ ನನಗಿಲ್ಲ. ಆದರೆ ಇನ್ನು ಆ ಕಾಣಿಕೆ ಹಾಕಬೇಡಿ, ಚಿಕ್ಕಮ್ಮ. ನೀವು ಯಾವ ತಪ್ಪೂ ಮಾಡಿಲ್ಲ. ನಿಮಗೆ ಮನಸ್ಸಾದದ್ದು ಅಣ್ಣನ ಮೇಲಲ್ಲ — ನಿಮ್ಮ ಗಂಡನಾಗಬೇಕಾಗಿದ್ದವರ ಮೇಲೆ.