ಗೇಜಕ್ಕನ ಎರಡು ಬೆರಳು

ಬೆಳಗಿನ ಆರು ಗಂಟೆ. ಶೂಟಿಂಗ್ ಕ್ಲಬ್ಬಿನ ಹಿಂದಿನ ಕೋಣೆಯ ಮೇಜಿನ ಮೇಲೆ ಒಂದೇ ಒಂದು ಹಳೆಯ ಸೇನಾ ರೈಫಲ್ ಇದೆ. ಐವತ್ತಾರರ ಹೆಂಗಸೊಬ್ಬರು ಅದು ಖಾಲಿಯೇ ಎಂದು ಕಣ್ಣಿಟ್ಟು ನೋಡಿ, ಕಣ್ಣನ್ನೂ ನಂಬದೆ ಬೆರಳಿಟ್ಟು ನೋಡುತ್ತಾರೆ. ಆಮೇಲೆ ತೋಟಾ ಕೂರುವ ಗೂಡಿಗೆ ಟಾರ್ಚ್ ಬಿಟ್ಟು, ತುಕ್ಕು ತಿಂದ ಗುಳಿಗಳನ್ನು ಹುಡುಕುತ್ತಾರೆ. ಕ್ಲಬ್ಬಿನವರಿಗೆಲ್ಲ ಇವರು ಗೇಜಕ್ಕ. ಎದುರಿಗೆ ಹಾಗೆ ಕರೆಯುವ ಧೈರ್ಯ ಮಾತ್ರ ಯಾರಿಗೂ ಇಲ್ಲ.

ಗೇಜು ಎಂದರೆ ತೋಟಾದ ಆಕಾರದ ಉಕ್ಕಿನ ತುಂಡು. ಮೊದಲನೆಯದನ್ನು ಗೂಡಿನಲ್ಲಿಟ್ಟರೆ ಬೋಲ್ಟ್, ಅಂದರೆ ಗೂಡನ್ನು ಹಿಂದಿನಿಂದ ಮುಚ್ಚುವ ಉಕ್ಕಿನ ಅಗುಳಿ, ಮುಚ್ಚಬೇಕು. ಅದಕ್ಕಿಂತ ಕೂದಲೆಳೆಯಷ್ಟು ಉದ್ದವಿರುವ ಎರಡನೆಯದನ್ನಿಟ್ಟರೆ ಮುಚ್ಚಬಾರದು. ಮುಚ್ಚಿತೋ, ತೋಟಾದ ಹಿಂದೆ ಜಾಗ ಹೆಚ್ಚಾಗಿದೆ ಎಂದರ್ಥ. ಹಾರಿಸಿದಾಗ ತೋಟಾ ಒಡೆದು ಬಿಸಿ ಅನಿಲ ಮುಖಕ್ಕೇ ನುಗ್ಗಬಹುದು, ಕಣ್ಣೇ ಹೋಗಬಹುದು. ಬೋಲ್ಟ್ ಮುಚ್ಚಲು ಅವರು ಬಳಸುವುದು ಎರಡೇ ಬೆರಳು.

"ಬಲ ಹಾಕಿದ್ರೆ ಗೇಜು ಏನು ಬೇಕಾದ್ರೂ ಹೇಳುತ್ತೆ" ಎನ್ನುತ್ತಾರೆ.

ದಿನಕ್ಕೆ ಎಂಟು ರೈಫಲ್, ಇಪ್ಪತ್ತೊಂಬತ್ತು ವರ್ಷ. ಮೊದಮೊದಲು ಸದಸ್ಯರು ಇವರು ನೋಡಿದ್ದನ್ನೇ ಕದ್ದುಮುಚ್ಚಿ ಬೇರೆಯವರ ಹತ್ತಿರ ತೋರಿಸುತ್ತಿದ್ದರು. ಅಲ್ಲೂ ಅದೇ ಉತ್ತರ ಬಂದ ಮೇಲೆ ತೆಪ್ಪಗಾದರು. ಕೆಲಸ ಕಲಿಸಿದವರು ಅಪ್ಪ, ಸೇನೆಯಲ್ಲಿ ಬಂದೂಕು ರಿಪೇರಿ ಮಾಡುತ್ತಿದ್ದವರು. ಮೇಜಿನ ಮೇಲೆ ಎರಡು ಬಂದೂಕು ಒಟ್ಟಿಗೆ ಬಿಚ್ಚಬಾರದು ಎಂದು ಮಗಳ ತಲೆ ತಿಂದವರೂ ಅವರೇ.

ಕಳೆದ ವಾರ ಅಪ್ಪನ ರೈಫಲ್ಲೇ ಮೇಜಿಗೆ ಬಂತು. ಎಂಬತ್ತೆರಡರ ಅವರಿಗೆ ಭಾನುವಾರದ ಹಿರಿಯರ ಸ್ಪರ್ಧೆಯಲ್ಲಿ ಕೊನೆಯ ಬಾರಿ ಗುರಿಯಿಡುವ ಆಸೆ. ಎರಡನೆಯ ಗೇಜಿನ ಮೇಲೆ ಬೋಲ್ಟ್ ಸದ್ದಿಲ್ಲದೆ ಮುಚ್ಚಿಕೊಂಡಿತು. ನಂಬರ್ ನೋಡಿದರೆ ಅದು ಬೇರೆ ರೈಫಲ್ಲಿನ ಬೋಲ್ಟ್. ಈಚೆಗೆ ಇದರ ಜೋಡಿ ರೈಫಲ್ಲನ್ನು ಮಾರುವ ಮುನ್ನ ಅಪ್ಪ ಎರಡನ್ನೂ ಒಟ್ಟಿಗೆ ಬಿಚ್ಚಿ ಒರೆಸಿದ್ದರು. ಅಲ್ಲಿ ಅದಲುಬದಲಾಗಿತ್ತು. ಗೇಜಕ್ಕ ಕೊಂಡವರಿಗೆ ಅಂದೇ ಫೋನ್ ಮಾಡಿ ಹಾರಿಸಬೇಡಿ ಎಂದರು. ಅವರು ಬೋಲ್ಟ್ ಕಳಿಸುವಷ್ಟರಲ್ಲಿ ಭಾನುವಾರ ಮುಗಿದಿತ್ತು.

ನಲವತ್ತು ವರ್ಷ ಏನೂ ಆಗಿಲ್ಲ ಎಂದು ಅಪ್ಪ ವಾದಿಸಿದರು. ಕ್ಲಬ್ಬಿನ ರೈಫಲ್ ಕೊಡುತ್ತೇವೆಂದರೆ ಜಪ್ಪಯ್ಯ ಅಂದರೂ ಒಪ್ಪಲಿಲ್ಲ. ಕೊನೆಗೆ, ಕಲಿಸಿದವನಿಗೇ ಕಲಿಸ್ತೀಯಾ ಎಂದರು. ಮಗಳು ರೈಫಲ್ಲಿಗೆ ಹಾರಿಸಬಾರದೆಂಬ ಕೆಂಪು ಚೀಟಿ ಕಟ್ಟಿದರು.

"ಅವತ್ತಿಂದ ಮಾತು ಬಿಟ್ಟಿದ್ದಾರೆ. ಊಟಕ್ಕೆ ಕೂತಾಗ ದುರುಗುಟ್ಟಿ ನೋಡ್ತಾರೆ" ಎನ್ನುತ್ತ ಗೇಜಕ್ಕ ಮುಂದಿನ ರೈಫಲ್ ಎತ್ತಿಕೊಳ್ಳುತ್ತಾರೆ. "ನೋಡಲಿ. ಎರಡು ಕಣ್ಣಲ್ಲೂ ನೋಡ್ತಾರಲ್ಲ."