ಪಕ್ಕದಲ್ಲಿ ಕೂರುವುದನ್ನು ಕಲಿಸಿದ ವಾರಿಜಕ್ಕ

ವಾರಿಜಕ್ಕ ಯಾರ ಎದುರಿಗೂ ಕೂರುತ್ತಿರಲಿಲ್ಲ. ಮಾತನಾಡಬೇಕಾದವರ ಪಕ್ಕದಲ್ಲಿ, ಒಂದು ಮೊಳ ದೂರ ಬಿಟ್ಟು, ಅವರು ನೋಡುವ ಕಡೆಗೇ ಮುಖ ಮಾಡಿ ಕೂರುತ್ತಿದ್ದರು. "ಎದ್ರ್ ಕೂಕಂಡ್ರೆ ಪೊಲೀಸ್ ಸ್ಟೇಷನ್ ಆತ್ತ್" ಎನ್ನುತ್ತಿದ್ದರು. ಬ್ರಹ್ಮಾವರದ ಕಡೆಯವರು. ನರ್ಸ್ ಕೆಲಸದಿಂದ ನಿವೃತ್ತರಾದ ಮೇಲೆ ಮರವಂತೆಯ ಹತ್ತಿರದ ನಮ್ಮ ಜೂನಿಯರ್ ಕಾಲೇಜಿಗೆ ಶನಿವಾರ ಮಧ್ಯಾಹ್ನ ಬರುತ್ತಿದ್ದರು. ಮನಸ್ಸಿನ ಕಾಯಿಲೆಗೆ ಸಿಕ್ಕ ಜೊತೆಗಾರರಿಗೆ ಹೇಗೆ ಒದಗಬೇಕೆಂದು ಹದಿನಾರು ಹದಿನೇಳರ ಮಕ್ಕಳಿಗೆ ಕಲಿಸುವುದು ಅವರ ಕೆಲಸ. ಅವರ ಮೇಲೊಂದು ಕಣ್ಣಿಡಿ ಎಂದು ಪ್ರಿನ್ಸಿಪಾಲರು ಉಪನ್ಯಾಸಕಿಯಾದ ನನ್ನನ್ನು ಹಿಂದಿನ ಬೆಂಚಿನಲ್ಲಿ ಕೂರಿಸಿದ್ದರು.

ಕಣ್ಣಿಡುವುದನ್ನು ನನಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಸಂಬಳವಿಲ್ಲದೆ, ಬಸ್ಸು ಬದಲಿಸಿ ಬರುವ ಹೆಂಗಸಿಗೆ ಇಲ್ಲೇನು ಲಾಭ? ಯಾವುದೋ ಆಸ್ಪತ್ರೆಗೆ ರೋಗಿಗಳನ್ನು ಹುಡುಕಿಕೊಡುತ್ತಾರೆ ಎಂದು ಸ್ಟಾಫ್ ರೂಮಿನಲ್ಲಿ ಮಾತಿತ್ತು. ತಾಯಂದಿರ ಅನುಮಾನವೇ ಬೇರೆ. "ಹೆಣ್ಣಿಗೆ ಸಂಬಂಧ ಬಪ್ಪತಿಗೆ ತಲಿ ಸಮ ಇಲ್ಲೆ ಅಂದೇಳಿ ಊರೆಲ್ಲ ಸುದ್ದಿ ಆರೆ, ಈ ಅಮ್ಮ ಬಂದ್ ಮದಿ ಮಾಡ್ಸ್ತ್ರಾ?" ಎಂದು ಒಬ್ಬರು ನನ್ನನ್ನೇ ಕೇಳಿದ್ದರು.

ಪಾಠವೂ ವಿಚಿತ್ರವೇ. ಮಕ್ಕಳು ಜೋಡಿಯಾಗಿ ಕೂತು, ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ಉಪದೇಶ ಮಾಡದೆ, ಬಾಯಿ ಮುಚ್ಚಿಕೊಂಡು ಕೇಳಬೇಕು. ಮಾತಿಗೆ ಮಾತು ಸೇರಿಸುವ ನಮ್ಮ ಮಕ್ಕಳಿಗೆ ಅದು ಶಿಕ್ಷೆ.

"ಉಪದೇಶ ಮಾಡುಕಾಗ ಅಂದ್ರೆ ನಮ್ ಮೇಡಂಗೆ ಎಂತ ಕೆಲ್ಸ ಟೀಚರ್?" ಎಂದು ಒಬ್ಬ ಹುಡುಗ ನನ್ನತ್ತ ನೋಡಿಯೇ ವಾರಿಜಕ್ಕನನ್ನು ಕೇಳಿದ.

"ಅವ್ರಿಗೆ ಹಾಜ್ರಿ ಕರೂಕಿತ್ತಲ, ಮಗಾ" ಎಂದರು ವಾರಿಜಕ್ಕ. ನಾನೂ ನಗಬೇಕಾಯಿತು.

ಆದರೆ, ಸಾಯಬೇಕು ಅನ್ನಿಸುತ್ತದೆಯಾ ಎಂದು ನೇರವಾಗಿಯೇ ಕೇಳಿ ಎಂದು ಅವರು ಮಕ್ಕಳಿಗೆ ಹೇಳಿದ ದಿನ ನನಗೆ ತಡೆಯಲಾಗಲಿಲ್ಲ. ಇಲ್ಲದ ಯೋಚನೆಯನ್ನು ತಲೆಗೆ ತುಂಬುತ್ತೀರಲ್ಲ ಎಂದೆ.

"ಕೇಂಡ್ರೆ ಹುಟ್ಟುದಲ್ಲ ಮೇಡಂ ಅದ್. ಕೇಂಬರಿಲ್ದೇ ಬೆಳುದ್."

ಕೇಳಿದ ಮೇಲೆ ಗೆಳತಿಯನ್ನು ಒಬ್ಬಳನ್ನೇ ಬಿಡಬಾರದು, ಅವಳು ಗುಟ್ಟು ಎಂದರೂ ದೊಡ್ಡವರೊಬ್ಬರಿಗೆ ತಿಳಿಸಲೇಬೇಕು ಎಂದೂ ಹೇಳಿಕೊಟ್ಟರು. ಚಾಡಿ ಹೇಳುವುದಕ್ಕೆ ಒಳ್ಳೆಯ ಹೆಸರು ಎಂದುಕೊಂಡೆ.

ಮಳೆಗಾಲ ಬಿರುಸಾಗಿತ್ತು. ಸಂಜೆ ಹೆದ್ದಾರಿಯ ಬದಿಯಲ್ಲಿ ಬಸ್ಸಿಗೆ ನಿಂತಿದ್ದೆ. ಕಡಲ್ಕೊರೆತಕ್ಕೆ ಅಡ್ಡ ಹಾಕಿದ ಕಲ್ಲುಗಳ ತುದಿಯಲ್ಲಿ, ಅಲೆ ಬಡಿಯುವ ಕಡೆ, ನಮ್ಮ ಸುಜಾತ ನಿಂತಿದ್ದಳು. ಕೆಲವು ವಾರಗಳಿಂದ ಕ್ಲಾಸಿನಲ್ಲಿ ತಲೆಯನ್ನೇ ಎತ್ತದಿದ್ದ ಹುಡುಗಿ. ನಾನು ಕೂಗುವಷ್ಟರಲ್ಲಿ ಅವಳ ಗೆಳತಿ, ಮೀನುಗಾರರ ಮನೆಯ ಪ್ರಮೀಳಾ, ಕಲ್ಲಿಂದ ಕಲ್ಲಿಗೆ ಇಳಿದು ಪಕ್ಕದಲ್ಲಿ ಕೂತಾಗಿತ್ತು. ಸುಮ್ಮನಿರಿ ಎಂದು ನನಗೆ ಕೈಸನ್ನೆ ಮಾಡಿದಳು.

"ಸಾಯ್ಕ್ ಅಂದೇಳಿ ಅನ್ಸ್ತಾ, ಸುಜಿ?"

ಗಾಳಿಯಲ್ಲಿ ಅಷ್ಟೇ ಕೇಳಿಸಿದ್ದು. ಸುಜಾತ ಕುಸಿದು ಕೂತಳು. ಆಗಲೇ ದೊಡ್ಡ ಅಲೆಯೊಂದು ಇಬ್ಬರನ್ನೂ ಮುಚ್ಚಿತು. ಆ ನೀರು ಇಳಿಯುವುದನ್ನು ನಾನು ಇಂದಿಗೂ ಕಾಯುತ್ತಲೇ ಇದ್ದೇನೆ. ಇಳಿದಾಗ ಇಬ್ಬರೂ ಅಲ್ಲೇ ಇದ್ದರು, ಒಬ್ಬರನ್ನೊಬ್ಬರು ಅಪ್ಪಿಕೊಂಡು. ಆಮೇಲೆ ತೆವಳುತ್ತ ಮೇಲೆ ಬಂದರು.

ಸುಜಾತಳನ್ನು ಮನೆಯವರು ಡಾಕ್ಟರ ಹತ್ತಿರ ಕರೆದೊಯ್ದರು. ಹೆಸರು ಕೆಡುತ್ತದೆಂದು ಕಾಲೇಜು ಶನಿವಾರದ ತರಗತಿ ನಿಲ್ಲಿಸಿತು. ಅಲೆಗೆ ಸಿಕ್ಕಿ ಇಬ್ಬರೂ ಹೋಗಿದ್ದರೆ ಏನು ಮಾಡುತ್ತಿದ್ದಿರಿ ಎಂದು ವಾರಿಜಕ್ಕನನ್ನು ಕೇಳಿದೆ.

"ಒಬ್ಳನ್ನೇ ಬಿಡುಕಾಗ ಅಂದೆ. ಅಪಾಯ ಇಪ್ಪಲ್ಲಿ ನೀ ಇಳಿಬೇಡ, ದೊಡ್ಡವ್ರನ್ನ ಕರಿ ಅಂದೇಳಿ ಅದ್ರ್ ಜೊತಿಗೇ ಹೇಳ್ಕಾಯಿತ್ತ್. ಹೇಳ್ಲಿಲ್ಲೆ."

ಕೆಲವು ತಿಂಗಳ ನಂತರ ಕೋಟದ ಬಸ್ ಸ್ಟಾಪಿನಲ್ಲಿ ವಾರಿಜಕ್ಕ ಸಿಕ್ಕಿದರು. ಸುಜಾತ ಔಷಧಿ ತೆಗೆದುಕೊಳ್ಳುತ್ತಿದ್ದಾಳೆ, ಚೇತರಿಸಿಕೊಂಡಿದ್ದಾಳೆ ಎಂದೆ.

"ಪ್ರಮೀಳಾ?"

"ಅವಳಿಗೇನು, ನಗಾಡಿಕೊಂಡು ಓಡಾಡುತ್ತಾಳೆ."

"ನಗಾಡ್ತಿತ್ತಾ? ಆ ಹೆಣ್ಣನ್ನ ಯಾರಾರೂ ಕೇಂಡ್ರಾ?"

ಬಸ್ಸು ಬಂತು, ಹತ್ತಿ ಹೋದರು. ಮರುವರ್ಷ ತೀರಿಕೊಂಡರಂತೆ, ನನಗೆ ತಿಳಿದದ್ದು ತಡವಾಗಿ.

ಕೋಟದಲ್ಲಿ ಅವರು ಸಿಕ್ಕಿದ ಮರು ಸೋಮವಾರವೇ ಪ್ರಮೀಳಾಳನ್ನು ಲೈಬ್ರರಿಯ ವರಾಂಡದಲ್ಲಿ ನಿಲ್ಲಿಸಿ, ಅಲೆ ಮುಚ್ಚಿದ ಆ ದಿನದ ನಂತರ ನಿದ್ದೆ ಬರುತ್ತಿದೆಯಾ ಎಂದು ಕೇಳಿದೆ. ನಗು ನಿಂತಿತು.

"ಇಲ್ಲೆ ಮೇಡಂ. ಕಣ್ ಮುಚ್ರೆ ನೀರೇ ಬತ್ತ್."

ನನಗೂ ಹಾಗೆಯೇ ಎಂದೆ.